ತಂಗಳು ಕ್ಲೋರಿನ್

ಜಗನ್ನಾಥರ ಮನೆಯಲ್ಲಿ ಬಿಸಿ ಸಾರು ಉಂಡವರಿಲ್ಲ. ಅವರ ಹೆಂಡತಿ ಸೀತಮ್ಮನವರಿಗೆ ಸಾರು ಮಾಡಲು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ದಿನವೂ ಮಾಡುತ್ತಾರೆ, ಪಕ್ಕದ ಮನೆಯವರು ಕಿಟಕಿ ತೆರೆದು ಮೂಗರಳಿಸುವ ಹಾಗೆ ಮಾಡುತ್ತಾರೆ. ಆದರೆ ಇವತ್ತಿನ ಸಾರಿಗೆ ಸರದಿ ಬರುವುದು ನಾಳೆ. ಇವತ್ತಿನ ಊಟಕ್ಕೆ ನಿನ್ನೆಯದು. ನಿನ್ನೆಯದು ಮುಗಿಯುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ಇವತ್ತಿನದು ಸ್ಟೀಲ್ ಡಬ್ಬಿ ಸೇರಿ, ಮೈಮೇಲೊಂದು ತಾರೀಖಿನ ಚೀಟಿ ಅಂಟಿಸಿಕೊಂಡು ಫ್ರಿಜ್ಜಿನೊಳಗೆ ಹೋಗಿ ಕೂರುತ್ತದೆ. ಚೀಟಿ ಬರೆಯುವ ಕೆಲಸ ಜಗನ್ನಾಥರದು. ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆ, ಆ ಮಾತು ಒಪ್ಪಬೇಕು.

ಜಗನ್ನಾಥರು ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೆರಡು ವರ್ಷ ನಟ್ಟು, ಬೋಲ್ಟು, ಗ್ರೀಸಿನ ಡಬ್ಬ ಕಾದವರು. ಅಲ್ಲಿನ ವೇದವಾಕ್ಯ ಒಂದೇ: ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಸರಕು ಬಂದರೆ ಹಿಂದಿನ ಸಾಲಿಗೆ, ಹಳೆಯದು ಮುಂದಕ್ಕೆ. ನಟ್ಟು ಬೋಲ್ಟುಗಳು ಈ ವಿಷಯದಲ್ಲಿ ಎಂದೂ ತಕರಾರು ತೆಗೆಯಲಿಲ್ಲ. ಅದೇ ಧೈರ್ಯದಿಂದ ಜಗನ್ನಾಥರು ಈ ನಿಯಮವನ್ನು ಮನೆಗೂ ತಂದರು. ಸೋಪು, ಟವೆಲ್ಲು, ಮಾವಿನಹಣ್ಣು, ಎಲ್ಲವೂ ಸಾಲಿನಲ್ಲಿ ಬರಬೇಕು. ನಿನ್ನೆಯ ಪೇಪರ್ ಪೂರ್ತಿ ಓದಿ ಮುಗಿಸದೆ ಇವತ್ತಿನದನ್ನು ಬಿಡಿಸುತ್ತಿರಲಿಲ್ಲ. ಹೀಗಾಗಿ ಕೆಂಗೇರಿ ಉಪನಗರದಲ್ಲಿ ಮಳೆ ಸುರಿದು, ನಿಂತು, ರಸ್ತೆ ಒಣಗಿದ ಮೇಲೆ ಜಗನ್ನಾಥರಿಗೆ ಮಳೆಯ ಮುನ್ಸೂಚನೆ ಸಿಗುತ್ತಿತ್ತು.

ಇಂಥ ಮನೆಯ ಹಿತ್ತಿಲಲ್ಲಿ ಸ್ವಿಮ್ಮಿಂಗ್ ಪೂಲ್ ಎಲ್ಲಿಂದ ಬಂತು ಎಂದು ಕೇಳಬಹುದು. ಅದು ಸೀತಮ್ಮನ ಮಂಡಿಯಿಂದ ಬಂತು.

ಮೂರು ವರ್ಷದಿಂದ ಆಕೆಗೆ ಮಂಡಿ ನೋವು. "ದಿನಾ ಅರ್ಧ ಗಂಟೆ ಎದೆಮಟ್ಟದ ನೀರಲ್ಲಿ ನಡೀರಿ. ಭಾರ ನೀರು ಹೊರುತ್ತೆ, ಮಂಡಿ ತಾನಾಗೇ ಸಡಿಲ ಆಗುತ್ತೆ," ಎಂದು ವಿಜಯನಗರದ ಡಾಕ್ಟರು ಹೇಳಿದರು. ಕ್ಲಬ್ಬಿನ ಪೂಲಿಗೆ ಹೋಗಲು ಸೀತಮ್ಮ ಒಪ್ಪಲಿಲ್ಲ.

"ಆ ಬಟ್ಟೆ ಹಾಕ್ಕೊಂಡು ಹತ್ತು ಜನರ ಮುಂದೆ ಇಳಿಯೋದಕ್ಕಿಂತ ಮಂಡೀನೇ ಹೋಗ್ಲಿ ಬಿಡಿ," ಎಂದುಬಿಟ್ಟರು.

ಹೆಂಡತಿ ಮೆಟ್ಟಿಲ ಮೇಲೆ ಪಕ್ಕಕ್ಕೆ ತಿರುಗಿ, ಗೋಡೆ ಹಿಡಿದು, ಒಂದೊಂದೇ ಇಳಿಯುವುದನ್ನು ನೋಡಿದಾಗಲೆಲ್ಲ ಜಗನ್ನಾಥರು ಇವಳಿಗೆ ಏನಾದರೂ ಮಾಡಬೇಕು ಅಂದುಕೊಳ್ಳುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಸಪೋಟ ಮರ ಕಡಿಸಿ ಹಳ್ಳ ತೋಡಿಸಿದರು. ಕಟ್ಟಿದ ಮೇಸ್ತ್ರಿ ಅಲ್ಲಿಯವರೆಗೆ ಬರೀ ಸಂಪು ಕಟ್ಟಿದ್ದವನು. ಆದ್ದರಿಂದ ಇದೂ ಮುಚ್ಚಳ ಹಾಕಲು ಮರೆತ ದೊಡ್ಡ ಸಂಪಿನಂತೆಯೇ ಕಾಣುತ್ತಿತ್ತು. ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ, ನಾಲ್ಕಡಿ ಆಳ. ಇಳಿಯಲು ಸಿಮೆಂಟಿನ ಮೆಟ್ಟಿಲು, ಹಿಡಿಯಲು ಒಂದು ಕಬ್ಬಿಣದ ಪೈಪು. ಟ್ಯಾಂಕರ್ ಮೇಲೆ ಟ್ಯಾಂಕರ್ ತರಿಸಿ ತುಂಬಿಸಿದರು. ಸೀತಮ್ಮ ಹಳೆಯ ಚೂಡಿದಾರ್ ತೊಟ್ಟು, ವಿಷ್ಣು ಸಹಸ್ರನಾಮ ಹೇಳುತ್ತ, ಹೋಗುವಾಗ ಐದು ನಾಮ, ಬರುವಾಗ ಐದು ನಾಮ ಎಂದು ನೀರಿನಲ್ಲಿ ಪ್ರದಕ್ಷಿಣೆ ಹಾಕತೊಡಗಿದರು. ಹದಿನೈದು ದಿನಕ್ಕೆ ದೇವರ ಮನೆಯ ಮಣೆಯ ಮೇಲೆ ಕೂತು ದೀಪ ಹಚ್ಚಿದರು. ಆ ದಿನ ಜಗನ್ನಾಥರು ಸಂತೋಷ ತಡೆಯಲಾರದೆ ಬೀದಿ ಕೊನೆಯವರೆಗೆ ಹೋಗಿ ಸುಮ್ಮನೆ ವಾಪಸ್ ಬಂದರು.

ಅದೇ ವಾರ ಸೀತಮ್ಮನ ಅಣ್ಣನ ಮಗಳು ದೀಪ್ತಿ ಫೋನ್ ಮಾಡಿದಳು. ಅವಳ ಮದುವೆಗೆ ಇನ್ನು ಏಳು ವಾರ. ಆ ಮನೆತನದಲ್ಲಿ ಮದುಮಗಳು ಕೂರುವ ಮಣೆಯ ಕೆಳಗೆ ರಂಗೋಲಿಯಲ್ಲಿ ಹಸೆ ಬರೆಯುವುದು ಸೋದರತ್ತೆಯ ಕೆಲಸ. ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತೇ ಬರೆಯಬೇಕು.

"ಅತ್ತೆ, ಡೆಕೊರೇಷನ್‌ನವರು ಹಸೆ ಸ್ಟಿಕ್ಕರ್ ಅಂಟಿಸ್ತೀವಿ ಅಂತಿದಾರೆ. ಐದು ನಿಮಿಷದ ಕೆಲಸ ಅಂತೆ. ನಿಮ್ಗೆ ಕೂರೋಕೆ ಕಷ್ಟ ಅಂದ್ರೆ ಹ್ಞೂಂ ಅಂದ್ಬಿಡ್ಲಾ?"

"ನಿಮ್ಮಕ್ಕನ ಹಸೆ ಬರೆದೋಳು ನಾನು. ನೀನು ಸ್ಟಿಕ್ಕರ್ ಮೇಲೆ ಕೂತು ತಾಳಿ ಕಟ್ಟಿಸ್ಕೋತೀಯೇನೇ?" ಎಂದರು ಸೀತಮ್ಮ. "ಬರ್ತೀನಿ. ಕೂತ್ಕೋತೀನಿ. ಬರೀತೀನಿ."

ಆಕೆ ಹೀಗೆ ಮಾತು ಕೊಟ್ಟ ನಾಲ್ಕನೆಯ ದಿನ ಪೂಲಿನ ನೀರು ಹಸಿರಾಯಿತು.

ಮೊದಲು ತಿಳಿಹಸಿರು, ಆಮೇಲೆ ಪುದೀನ ಚಟ್ನಿ. ಮೆಟ್ಟಿಲಿನ ಮೇಲೆ ಪಾಚಿ ಕಟ್ಟಿತು. ನೀರು ಬದಲಾಯಿಸೋಣವೆಂದರೆ ಬೇಸಿಗೆ. ಕುಡಿಯುವ ನೀರೇ ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಅಷ್ಟು ನೀರು ಮೋರಿಗೆ ಬಿಟ್ಟರೆ ನೆರೆಯವರು ಮುಖ ನೋಡುವುದಿಲ್ಲ. ಪಕ್ಕದ ಮನೆಯ ಮುನಿರಾಮಯ್ಯನವರು ಕಾಂಪೌಂಡ್ ಮೇಲಿಂದ ಇಣುಕಿ, "ಸಾರ್, ಮೀನು ಬಿಟ್ಟಿದೀರಾ? ಕಟ್ಲಾ ಬಿಡಿ, ಬೇಗ ದಪ್ಪ ಆಗುತ್ತೆ," ಎಂದು ಸಲಹೆ ಕೊಟ್ಟರು. (ಜಗನ್ನಾಥರದು ಈರುಳ್ಳಿಯನ್ನೂ ಏಕಾದಶಿ ನೋಡಿ ಹೆಚ್ಚುವ ಮನೆ.) ಉಳಿದದ್ದು ಒಂದೇ ದಾರಿ, ದ್ರವ ಕ್ಲೋರಿನ್.

ಜಗನ್ನಾಥರು ರಾಜಾಜಿನಗರದ ಪೂಲ್ ಸಾಮಾನಿನ ಅಂಗಡಿಗೆ ಹೋದರು. ಅಲ್ಲಿ ಎ.ಸಿ. ಇತ್ತು, ಹೋದಕೂಡಲೇ ಕುರ್ಚಿ ಕೊಟ್ಟರು, ಗಾಜಿನ ಲೋಟದಲ್ಲಿ ನೀರು ಕೊಟ್ಟರು. ಕುರ್ಚಿ ಕೊಟ್ಟು ನೀರು ಕೊಡುವ ಅಂಗಡಿಯಲ್ಲಿ ಏನನ್ನೂ ಕೊಳ್ಳಬಾರದು ಎಂಬುದು ಅವರ ಜೀವಮಾನದ ಅನುಭವ. ಬೆಲೆ ಕೇಳಿ, ಕುಡಿದ ನೀರಿಗೆ ಥ್ಯಾಂಕ್ಸ್ ಹೇಳಿ ಎದ್ದರು. ಬಸವೇಶ್ವರನಗರದವನು ಇನ್ನೂ ದುಬಾರಿ, ಅವನಲ್ಲಿ ಕ್ಲೋರಿನ್‌ಗೆ ನಿಂಬೆಹಣ್ಣಿನ ವಾಸನೆ ಬೇರೆ. ಕೊನೆಗೆ ಮಾಗಡಿ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ, ಬಾಗಿಲು ಅರ್ಧ ಎತ್ತಿದ್ದ ಗೋದಾಮಿನಲ್ಲಿ, ಅವರು ಹುಡುಕುತ್ತಿದ್ದ ಬೆಲೆ ಸಿಕ್ಕಿತು. ಇಪ್ಪತ್ತು ಲೀಟರಿನ ಎಂಟು ನೀಲಿ ಕ್ಯಾನುಗಳು. ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ತಗೊಂಡರೆ ಎಂಟೂ ತಗೋಬೇಕು, ಬೆಲೆ ಮೂರನೇ ಒಂದು ಭಾಗ. ಧೂಳು ಕೂತ ಸರಕು ಕಂಡರೆ ಸ್ಟೋರ್ಸ್‌ನವರಿಗೆ ಪ್ರೀತಿ ಉಕ್ಕುತ್ತದೆ. ಜಗನ್ನಾಥರು ಎಂಟೂ ತಂದರು.

"ಆ ಬಚ್ಚಲುಮನೆ ವಾಸನೆ ನನ್ನ ದೇವರ ಮನೆ ಹತ್ರ ಬರೋ ಹಾಗಿಲ್ಲ," ಎಂದರು ಸೀತಮ್ಮ.

ಹಾಗಾಗಿ ಎಂಟು ಕ್ಯಾನುಗಳೂ ತಾರಸಿಗೆ ಹೋದವು. ಹಪ್ಪಳ, ಸಂಡಿಗೆ, ಮಾವಿನ ಹೋಳು ಎಲ್ಲಕ್ಕೂ ಒಳ್ಳೆಯದನ್ನೇ ಮಾಡಿದ ಬಿಸಿಲು ಕ್ಲೋರಿನ್‌ಗೆ ಕೆಟ್ಟದ್ದು ಮಾಡೀತೇ? ಜಗನ್ನಾಥರು ಅವನ್ನು ಪೂರ್ವಾಭಿಮುಖವಾಗಿ ಸಾಲಾಗಿ ನಿಲ್ಲಿಸಿ, ಸೀಮೆಸುಣ್ಣದಿಂದ ಒಂದರಿಂದ ಎಂಟರವರೆಗೆ ನಂಬರ್ ಹಾಕಿದರು. ಮೊದಲನೆಯದನ್ನು ಕೆಳಗಿಳಿಸಿ ಪೂಲಿಗೆ ಸುರಿದರು. ನೀರಿಗೆ ಏನೂ ಅನ್ನಿಸಲಿಲ್ಲ. ವಾರವಿಡೀ ಸುರಿದರು, ಕ್ಯಾನು ಖಾಲಿಯಾಯಿತು. ಪುದೀನ ಚಟ್ನಿ ಪುದೀನ ಚಟ್ನಿಯಾಗಿಯೇ ಇತ್ತು.

ಆಗ ಯಾರೋ ಕುಂಬಳಗೋಡಿನ ಹನುಮೇಶನ ಹೆಸರು ಹೇಳಿದರು. ಹನುಮೇಶ ಕೊಪ್ಪಳದ ಕಡೆಯವನು, ನಲವತ್ತರ ಆಸುಪಾಸು, ದಪ್ಪ ಮೀಸೆ. ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಒಂದು ತಗಡಿನ ಶೆಡ್ಡು, ಒಳಗೊಂದು ಕಪ್ಪು ಟ್ಯಾಂಕು. ಅಲ್ಲಿ ಕುರ್ಚಿಯೂ ಇಲ್ಲ, ನೀರೂ ಇಲ್ಲ. ಜಗನ್ನಾಥರಿಗೆ ನೋಡಿದ ತಕ್ಷಣ ನಂಬಿಕೆ ಬಂತು.

"ನಮ್ದು ತಾಜಾ ಮಾಲು ಐತ್ರಿ ಸಾಹೇಬ್ರ," ಎಂದ ಹನುಮೇಶ. "ವಾರಕ್ಕ ಎರಡು ಸಲ ಲಾರಿ ಬರ್ತೈತಿ. ಬಂದ ದಿನಾನ ತುಂಬಿ ಕೊಡ್ತೀನಿ. ಹಳೇದ್ರಾಗ ಸತ್ವ ಇರಂಗಿಲ್ರಿ. ತಾಜಾ ಇದ್ದಾಗ ಹಾಕ್ರಿ, ನೀರು ಕನ್ನಡಿ ಆಗ್ತೈತಿ."

ಬೆಲೆ ಗೋದಾಮಿನವನಿಗಿಂತ ಹೆಚ್ಚೇನೂ ಇರಲಿಲ್ಲ. ಜಗನ್ನಾಥರು ಒಂದು ಕ್ಯಾನ್ ತುಂಬಿಸಿ ಆಟೋದಲ್ಲಿಟ್ಟುಕೊಂಡು ಗೆದ್ದವರ ಹಾಗೆ ಮನೆಗೆ ಬಂದರು.

"ಸೀತಾ, ತಾಜಾ ಕ್ಲೋರಿನ್ ಸಿಕ್ತು ಕಣೇ."

"ಒಳ್ಳೇದಾಯ್ತು. ಹಾಕಿ."

"ಹಾಕೋದಾ? ಮೇಲೆ ಇನ್ನೂ ಏಳು ಕ್ಯಾನ್ ಇದೆಯಲ್ಲ, ಅದರ ಗತಿ?"

"ಅದನ್ನ ಚೆಲ್ಲಿ."

ಮನೆಯ ಹಿರಿಯರನ್ನು ಹೊರಗೆ ಹಾಕು ಎಂದು ಹೇಳಿದರೋ ಎಂಬಂತೆ ಜಗನ್ನಾಥರು ಹೆಂಡತಿಯ ಮುಖ ನೋಡಿದರು. "ಒಳ್ಳೇ ಸರಕು ಅಂದ್ಮೇಲೆ ಇನ್ನೂ ಜೋಪಾನ ಮಾಡ್ಬೇಕು ಕಣೇ. ಅದರ ಸರದಿ ಬಂದಾಗ ಅದು."

ಸೀತಮ್ಮ ಅಡಿಗೆಮನೆಗೆ ಹೋದರು. ಮೂವತ್ತಾರು ವರ್ಷ ಸಾರಿನ ವಿಷಯದಲ್ಲಿ ಗೆಲ್ಲದವರು ಕ್ಲೋರಿನ್ ವಿಷಯದಲ್ಲಿ ಗೆಲ್ಲುತ್ತಾರೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯನಿಗೆ ನಾಲ್ಕನೆಯ ಕಾಲನ್ನು ಕೈಯಲ್ಲಿ ಹಿಡಿಸಿದರೂ ಅದು ಬಾಲ ಅನ್ನುತ್ತಾನೆ.

ಅಲ್ಲಿಂದ ಮುಂದೆ ಶನಿವಾರ ಬಂತೆಂದರೆ ತಾರಸಿಯ ಮೇಲೆ ಒಂದು ಶಾಸ್ತ್ರ ನಡೆಯುತ್ತಿತ್ತು. ಕುಂಬಳಗೋಡಿನ ತಾಜಾ ಕ್ಯಾನನ್ನು ಜಗನ್ನಾಥರು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿ ಸಾಲಿನ ಬಾಲಕ್ಕೆ ಇಡುವರು. ಸಾಲಿನ ಎಲ್ಲ ಕ್ಯಾನುಗಳನ್ನೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸುವರು. ತಲೆಯಲ್ಲಿರುವ ಹಳೆಯದನ್ನು ಮತ್ತೆ ಇಪ್ಪತ್ತೆರಡು ಮೆಟ್ಟಿಲು ಇಳಿಸಿ ತರುವರು. (ಸ್ಟಾಕ್ ಯಾವತ್ತೂ ಕಡಿಮೆಯಾಗಬಾರದು ಎಂಬುದು ಸ್ಟೋರ್ಸಿನ ಎರಡನೆಯ ವೇದವಾಕ್ಯ. ಆದ್ದರಿಂದ ಒಂದು ಇಳಿದರೆ ಒಂದು ಹತ್ತಲೇಬೇಕು.) ಕೆಳಗೆ ಬಂದು ಉಸ್ಸಪ್ಪಾ ಎಂದು ಕೂತು ಬಲಗಾಲನ್ನು ನೀಡಿಕೊಳ್ಳುವರು.

"ಕಾಲಿಗೆ ಏನಾಯ್ತು?" ಎಂದು ಸೀತಮ್ಮ ಕೇಳಿದರೆ, "ಏನಿಲ್ಲ, ಜೋಮು," ಎನ್ನುವರು. ಆಮೇಲೆ ಆಕೆಯ ಎಣ್ಣೆಯ ಬಾಟಲಿಯನ್ನು ಕದ್ದು ಹಚ್ಚಿಕೊಳ್ಳುವರು.

ಹೀಗೆ ಮೂರು ಶನಿವಾರ ಕಳೆದವು. ಹನುಮೇಶನ ಮೂರು ತಾಜಾ ಕ್ಯಾನುಗಳು ಬೇಸಿಗೆಯ ಬಿಸಿಲಿನಲ್ಲಿ ತಮ್ಮ ಸರದಿಗಾಗಿ ಕಾಯುತ್ತ ಕೂತಿದ್ದವು. ಪೂಲಿನಲ್ಲಿ ಕಪ್ಪೆಯೊಂದು ಮನೆ ಮಾಡಿತು.

ಒಂದು ಬೆಳಿಗ್ಗೆ ಸೀತಮ್ಮ ಪೂಲಿನ ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನೆಲದ ಮೇಲೆ ಕೂರಲು ನೋಡಿ, ಅರ್ಧಕ್ಕೇ ನಿಂತು, ಕುರ್ಚಿ ಎಳೆದುಕೊಂಡಿದ್ದರು. ಸಡಿಲಾಗಿದ್ದ ಮಂಡಿ ಮತ್ತೆ ಬಿಗಿದಿತ್ತು. ಮದುವೆಗೆ ಇನ್ನು ಮೂರೇ ವಾರ.

"ದೀಪ್ತಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ. ಸ್ಟಿಕ್ಕರ್ ಅಂಟಿಸ್ಕೊಳ್ಳಿ," ಎಂದರು ಮೆಲ್ಲಗೆ.

ಆಕೆ ಬೈದಿದ್ದರೆ ಜಗನ್ನಾಥರು ತಡೆದುಕೊಳ್ಳುತ್ತಿದ್ದರು. ಬೈಗುಳ ಅವರಿಗೆ ಹೊಸದಲ್ಲ. ಈ ಮೆಲುದನಿ ಅವರಿಂದ ತಡೆಯಲಾಗಲಿಲ್ಲ. ಎದೆ ಭಾರವಾಯಿತು. ಗಂಡಸರಿಗೆ ಎದೆ ಭಾರವಾದಾಗ ಅದನ್ನು ಇಳಿಸಲು ಒಬ್ಬ ಅಪರಾಧಿ ಬೇಕು. ಜಗನ್ನಾಥರು ಹನುಮೇಶನಿಗೆ ಫೋನ್ ಮಾಡಿದರು.

"ಏನ್ರೀ ಹನುಮೇಶ್, ನೀವು ಕ್ಲೋರಿನ್ ಮಾರ್ತೀರೋ ಬೋರ್‌ವೆಲ್ ನೀರು ಮಾರ್ತೀರೋ? ಮೂರು ಕ್ಯಾನ್ ತಂದೆ, ಇಲ್ಲಿ ಕಪ್ಪೆ ಈಜ್ತಾ ಇದೆ."

"ಸಾಹೇಬ್ರ, ಹನ್ನೊಂದು ವರ್ಷಾತು ಈ ಧಂದೆದಾಗ. ಇಂಥಾ ಮಾತು ಯಾರೂ ಅಂದಿಲ್ರಿ. ವಿಳಾಸ ಹೇಳ್ರಿ, ನಾನ ಬರ್ತೀನಿ."

ಒಂದು ಗಂಟೆಯೊಳಗೆ ಹನುಮೇಶ ಲಗೇಜ್ ಆಟೋದಲ್ಲಿ ಅವತ್ತಿನ ಮಾಲಿನ ಒಂದು ಕ್ಯಾನ್ ಇಟ್ಟುಕೊಂಡು ಬಂದ. ಪೂಲನ್ನು ನೋಡಿದ, ಕಪ್ಪೆಯನ್ನು ನೋಡಿದ, ಸೀತಮ್ಮನವರಿಗೆ ಕೈ ಮುಗಿದ.

"ಅಮ್ಮಾರ, ಅರಿಶಿನದ ಕಲಿ ಇರೋ ಒಂದು ಅರಿವಿ ಇದ್ರ ಕೊಡ್ರಿ."

ಅರಿಶಿನದ ಕಲೆಯ ಬಟ್ಟೆಗೆ ಆ ಮನೆಯಲ್ಲಿ ಬರವಿರಲಿಲ್ಲ. ಮೂರು ದಿನದ ಹಳೆಯ ಹುಳಿ ಚೆಲ್ಲಿಕೊಂಡ ಜಗನ್ನಾಥರ ಹಸಿರಂಚಿನ ಪಂಚೆಯನ್ನೇ ಸೀತಮ್ಮ ತಂದುಕೊಟ್ಟರು. ಹನುಮೇಶ ಈಗ ಪೂಲಿಗೆ ಸುರಿಯುತ್ತಿದ್ದ ಕ್ಯಾನಿನಿಂದ ಒಂದು ಮುಚ್ಚಳದಷ್ಟು ಕಲೆಯ ಮೇಲೆ ಹಾಕಿದ. ಹಳದಿ ಕಲೆ ಆರತಿ ನೀರಿನ ಹಾಗೆ ಕೆಂಪಾಗಿ, ಅಲ್ಲೇ ಆರಾಮಾಗಿ ಕೂತಿತು. ಆಮೇಲೆ ತಾನು ತಂದ ಕ್ಯಾನಿನಿಂದ ಪಕ್ಕದ ಕಲೆಯ ಮೇಲೆ ಹಾಕಿದ. ಅದು ಕೆಂಪಾಯಿತು, ಮಾಸಿತು, ನೋಡುನೋಡುತ್ತಿದ್ದಂತೆ ಕಾಣೆಯಾಯಿತು. ಜೊತೆಗೆ ಪಂಚೆಯ ಹಸಿರಂಚೂ ಒಂದು ಗೇಣು ಕಾಣೆಯಾಯಿತು.

"ಇದು ನಮ್ಮ ಮಾಲು. ಅದು ಯಾವ್ದುರಿ?" ಎಂದ ಹನುಮೇಶ.

"ಅದು ಗೋದಾಮಿಂದು, ನಾಲ್ಕನೇ ನಂಬರ್," ಎಂದರು ಜಗನ್ನಾಥರು.

"ಮತ್ತ ನಮ್ಮ ಮೂರು ಕ್ಯಾನು?"

"ಮೇಲೆ ಇವೆ. ಇನ್ನೂ ಅವುಗಳ ಸರದಿ ಬಂದಿಲ್ಲ."

ಹನುಮೇಶ ತಾರಸಿಗೆ ಹೋದ. ಹಿಂದೆಯೇ ಜಗನ್ನಾಥರೂ ಗೋಡೆ ಹಿಡಿದು ಹತ್ತಿದರು. ಸೀಮೆಸುಣ್ಣದ ನಂಬರ್ ಹೊತ್ತು ಬಿಸಿಲಿಗೆ ಬೆವರುತ್ತ ನಿಂತಿದ್ದ ಸಾಲನ್ನೂ, ಅದರ ಬಾಲದಲ್ಲಿ ಕಾಯುತ್ತಿದ್ದ ತನ್ನ ಮೂರು ಕ್ಯಾನುಗಳನ್ನೂ ಹನುಮೇಶ ತುದಿಯಿಂದ ತುದಿಯವರೆಗೆ ನೋಡಿದ. ಜಗನ್ನಾಥರು ಮೊದಲು ಬಂದದ್ದು ಮೊದಲು ಹೋಗುವ ಪದ್ಧತಿಯನ್ನು ಸಾವಧಾನವಾಗಿ ವಿವರಿಸಿದರು. ಹನುಮೇಶ ಪ್ಯಾರಾಪಿಟ್ ಗೋಡೆಯ ಮೇಲೆ ಕೂತುಬಿಟ್ಟ.

"ಸಾಹೇಬ್ರ, ಇದು ಹಾಲಿದ್ದಂಗ್ರಿ. ಬಿಸಿಲಿಗಿಟ್ರ ಸತ್ವ ಹಾರಿ ಬರೇ ಉಪ್ಪುನೀರು ಉಳಿತೈತಿ. ನೀವು ತಾಜಾ ಹಾಲು ತಂದು, ಒಡೆಯೋತನ ಮೂಲ್ಯಾಗಿಟ್ಟು, ಆಮ್ಯಾಲ ಅದ್ರಾಗ ಚಾ ಕಾಸಾಕ್ಹತ್ತೀರಿ. ಹಿಂಗಾದ್ರ ನಿಮಗ ಜನ್ಮದಾಗ ತಾಜಾ ಸಿಗಂಗಿಲ್ಲ. ತಂದಿದ್ದೆಲ್ಲಾ ಹಳೇದು ಆಗೇ ಕೈಗೆ ಬರ್ತೈತಿ."

ಮೆಟ್ಟಿಲ ಬುಡದಲ್ಲಿ ನಿಂತಿದ್ದ ಸೀತಮ್ಮ ಮೇಲಕ್ಕೆ ಮುಖ ಎತ್ತಿದರು.

"ಹನುಮೇಶಪ್ಪಾ, ಅದೇನು ಹೇಳಿದ್ರಿ, ಇನ್ನೊಂದ್ಸಲ ಜೋರಾಗಿ ಹೇಳಿ."

ಹನುಮೇಶ ಹೇಳಿದ.

"ಇನ್ನೊಂದ್ಸಲ."

ಮೂರನೆಯ ಸಲ ಹೇಳುವಾಗ ಅವನಿಗೂ ಇದು ಬರೀ ಕ್ಲೋರಿನ್‌ನ ವಿಷಯವಲ್ಲ ಎಂಬ ಅನುಮಾನ ಬಂತು. ಸೀತಮ್ಮ ಸೆರಗಿನಿಂದ ಕಣ್ಣಿನ ಅಂಚು ಒರೆಸಿಕೊಂಡರು. "ಮೂವತ್ತಾರು ವರ್ಷದಿಂದ ಕಾಯ್ತಿದ್ದೆ ಕಣಪ್ಪ, ಹೊರಗಿನೋರು ಯಾರಾದ್ರೂ ಬಂದು ಈ ಮಾತು ಹೇಳ್ಲಿ ಅಂತ. ಕೈಕಾಲು ತೊಳ್ಕೊಂಡು ಬನ್ನಿ. ಊಟ ಮಾಡ್ಕೊಂಡು ಹೋಗಿ."

ಅವತ್ತು ಆ ಮನೆಯಲ್ಲಿ ಒಲೆಯಿಂದ ಇಳಿದ ಸಾರು ನೇರವಾಗಿ ತಟ್ಟೆಗೆ ಬಂತು. ಹನುಮೇಶ ಮೂರು ಸಲ ಹಾಕಿಸಿಕೊಂಡು, "ದಿನಾ ಇಂಥಾ ಸಾರು ಉಣ್ಣೋ ಸಾಹೇಬ್ರು ಪುಣ್ಯವಂತರು," ಎಂದ. ಸಾಹೇಬರು ಬಿಸಿ ಸಾರಿನ ಅಭ್ಯಾಸ ತಪ್ಪಿ ನಾಲಿಗೆ ಸುಟ್ಟುಕೊಂಡಿದ್ದರು. ಆದರೂ ಒಳಗೊಳಗೇ ಅವರಿಗೆ ತಿಳಿಯಿತು, ಈ ರುಚಿಯನ್ನು ತಾವೇ ಇಷ್ಟು ವರ್ಷ ಡಬ್ಬಿಯಲ್ಲಿ ಮುಚ್ಚಿಟ್ಟು ಚೀಟಿ ಅಂಟಿಸಿದ್ದು ಎಂದು. ನಾಚಿಕೆಯಾಯಿತು. ಇನ್ನೊಂದು ಸೌಟು ಹಾಕಿಸಿಕೊಂಡರು.

ಹನುಮೇಶ ಹೇಳಿದಂತೆ ಹೊತ್ತು ಮುಳುಗಿದ ಮೇಲೆ ತಾಜಾ ಕ್ಲೋರಿನ್ ಹಾಕಿದರು. ಪಂಪು ಓಡಿಸಿ, ಪಾಚಿ ಉಜ್ಜಿದರು. ಕಪ್ಪೆಯನ್ನು ಬಕೆಟ್ಟಿನಲ್ಲಿ ಹಿಡಿದು ಗೌರವದಿಂದ ಬೀಳ್ಕೊಟ್ಟರು. ನಾಲ್ಕನೆಯ ದಿನಕ್ಕೆ ನೀರಿನ ತಳದ ಟೈಲ್ಸ್ ಎಣಿಸಬಹುದಾಗಿತ್ತು. ಒಂದೆರಡು ದಿನ ಬಿಟ್ಟು, ಕ್ಲೋರಿನ್‌ನ ಖಾರ ಇಳಿದ ಮೇಲೆ, ಸೀತಮ್ಮ ಸಹಸ್ರನಾಮವನ್ನು ಬಿಟ್ಟಲ್ಲಿಂದ ಶುರು ಮಾಡಿದರು. ತಾರಸಿಯಲ್ಲಿದ್ದ ತಂಗಳು ಸ್ಟಾಕನ್ನು ಏನು ಮಾಡುವುದು? ಚೆಲ್ಲಲು ಜಗನ್ನಾಥರಿಗೆ ಮನಸ್ಸು ಬರಲಿಲ್ಲ. ದಿನಕ್ಕೊಂದರಂತೆ, ನಂಬರ್ ಪ್ರಕಾರವೇ, ಇಪ್ಪತ್ತೆರಡು ಮೆಟ್ಟಿಲು ಇಳಿಸಿ ತಂದು ಅಂಗಳ, ಬಚ್ಚಲು, ಗೇಟಿನ ಮುಂದಿನ ಚರಂಡಿ ಎಲ್ಲವನ್ನೂ ತೊಳೆದರು. ಜೋಮು ಎನ್ನುತ್ತಿದ್ದದ್ದು ಈಗ ಎರಡೂ ಕಾಲಿಗೆ ಬಂತು. ಎಣ್ಣೆಯ ಬಾಟಲಿ ಅರ್ಧವಾಯಿತು.

ವಿಜಯನಗರದ ಛತ್ರದಲ್ಲಿ ಮದುವೆ. ಬೆಳಿಗ್ಗೆ ಸೀತಮ್ಮ ಪೈಪು ಹಿಡಿಯದೆ, ಗೋಡೆ ಹಿಡಿಯದೆ, ಒಂದು ಕೈ ನೆಲಕ್ಕೆ ಊರಿ ಕೂತರು. ರಂಗೋಲಿಯ ಎಳೆ ಒಂದೂ ನಡುಗಲಿಲ್ಲ. ಡೆಕೊರೇಷನ್‌ನವನು ಸ್ಟಿಕ್ಕರ್ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಕೊನೆಯವರೆಗೂ ನಿಂತು ನೋಡಿದ. ದೀಪ್ತಿ ಅತ್ತೆಯ ಹಸೆಯ ಮೇಲೆ ಕೂತಾಗ ಜಗನ್ನಾಥರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು. ಕ್ಲೋರಿನ್ ವಾಸನೆಯ ಪರಿಣಾಮ ಎಂದು ಪಕ್ಕದವರಿಗೆ ಹೇಳಿದರು.

ಮಧ್ಯಾಹ್ನ ನೆಲದ ಪಂಕ್ತಿಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಊಟಕ್ಕೆ ಕೂತರು. ಮಜ್ಜಿಗೆ ಮುಗಿಯಿತು, ಎಲ್ಲರೂ ಎದ್ದರು. ಸೀತಮ್ಮನೂ ಎದ್ದರು. ಜಗನ್ನಾಥರು ಏಳಲಿಲ್ಲ. ಎದ್ದೇ ಬಿಡುತ್ತೇನೆ ಎಂಬ ಮುಖ ಮಾಡಿದರು, ಆದರೆ ಮುಖದ ಕೆಳಗಿನ ಭಾಗ ಒಪ್ಪಲಿಲ್ಲ. ಕೊನೆಗೆ ಬಡಿಸುವವರಿಬ್ಬರು ಸಾಂಬಾರ್ ಬಕೆಟ್ ಪಕ್ಕಕ್ಕಿಟ್ಟು ಅವರನ್ನು ಕಂಕುಳಿಗೆ ಕೈ ಹಾಕಿ ಎತ್ತಬೇಕಾಯಿತು.

"ಅತ್ತೆ, ಮಾವನಿಗೇನಾಯ್ತು?" ಎಂದಳು ಮದುಮಗಳು.

"ಜೋಮು," ಎಂದರು ಸೀತಮ್ಮ.

ಅದೇ ಡಾಕ್ಟರು, ಅದೇ ಕುರ್ಚಿ, ಅದೇ ಮಾತು. ಭಾರ ಎತ್ತಿ ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿಕೊಂಡಿದ್ದೀರಿ, ದಿನಾ ಅರ್ಧ ಗಂಟೆ ಎದೆಮಟ್ಟದ ನೀರಲ್ಲಿ ನಡೀರಿ ಎಂದರು. ಜಗನ್ನಾಥರಿಗೆ ಬೇಸರವೇನೂ ಆಗಲಿಲ್ಲ. ಮನೆಯಲ್ಲೇ ಪೂಲಿದೆ, ನೀರು ಕನ್ನಡಿಯಂತಿದೆ, ಕುಂಬಳಗೋಡಿನಿಂದ ವಾರಕ್ಕೊಮ್ಮೆ ತಾಜಾ ಕ್ಲೋರಿನ್ ಬರುತ್ತಿದೆ, ಬಂದ ದಿನವೇ ನೀರಿಗೆ ಬೀಳುತ್ತಿದೆ.

ಮರುದಿನ ಬೆಳಿಗ್ಗೆ ಹಳೆಯ ಚಡ್ಡಿ ತೊಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅವರು ಹಿತ್ತಿಲಿಗೆ ಬಂದರು. ಸೀತಮ್ಮ ಆಗಲೇ ನೀರಿನಲ್ಲಿದ್ದರು. ಜಗನ್ನಾಥರು ಕಬ್ಬಿಣದ ಪೈಪು ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

"ಅಲ್ಲೇ ನಿಲ್ಲಿ," ಎಂದರು ಸೀತಮ್ಮ, ನಡಿಗೆ ನಿಲ್ಲಿಸದೆ.

"ಯಾಕೆ? ಜಾಗ ಇದೆಯಲ್ಲ."

"ಜಾಗದ ಪ್ರಶ್ನೆ ಅಲ್ಲ. ನನ್ನ ಮಂಡಿ ನೋವು ಮೂರು ವರ್ಷದ್ದು. ನಿಮ್ಮದು ಮೊನ್ನೆ ಮೊನ್ನೆ ಬಂದ ಹೊಸ ಸ್ಟಾಕು. ಹಳೇದು ಮುಗೀದೆ ಹೊಸದನ್ನ ಮುಟ್ಟೋ ಹಾಗಿಲ್ಲ ಅಂತ ನೀವೇ ಅಲ್ವಾ ಹೇಳೋದು?"

ಮೂವತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಈ ನಿಯಮಕ್ಕೆ ಜಗನ್ನಾಥರು ಒಂದೇ ಒಂದು ವಿನಾಯಿತಿಯನ್ನೂ ಕೊಟ್ಟಿರಲಿಲ್ಲ. ಮೆಟ್ಟಿಲಿನಿಂದ ಕಾಲು ಹಿಂದಕ್ಕೆ ತೆಗೆದು, ಸೀತಮ್ಮನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ದಂಡೆಯಲ್ಲಿ ಕೂತರು. ಸಹಸ್ರನಾಮದಲ್ಲಿ ಇನ್ನೂ ಒಂಬೈನೂರ ಅರವತ್ತು ನಾಮ ಬಾಕಿ ಇದ್ದವು.